ಮರದ ಬಟ್ಟಲು, ಸೌಟು ಹೊರದೇಶಕ್ಕೆ ಕಳಿಸುವವರು ಯಾರಾದರೂ ಇದ್ದೀರಾ? ಜರ್ಮನಿಯವರು ಮರ ಬೆಳೆದ ಜಾಗ ಕೇಳುತ್ತಿದ್ದಾರೆ

ರಾಮನಗರದಕಡೆಯವ
ಎಲ್ಲರಿಗೂ ನಮಸ್ಕಾರ. ಚನ್ನಪಟ್ಟಣದಲ್ಲಿ ನಮ್ಮ ಭಾವನದ್ದು ಸಣ್ಣ ಲೇತ್ ಕಾರ್ಖಾನೆ, ಮರ ತಿರುಗಿಸಿ ಕಡೆಯುವ ಯಂತ್ರದ್ದು. ಮೊದಲು ಪೂರ್ತಿ ಆಟಿಕೆ ಮಾಡುತ್ತಿದ್ದರು. ಈಗ ಅರ್ಧಕ್ಕರ್ಧ ಅಡುಗೆಮನೆ ಸಾಮಾನು. ಸಲಾಡ್ ಬಟ್ಟಲು, ಸೌಟು, ಮಸಾಲೆ ಡಬ್ಬಿ, ನ್ಯಾಪ್ಕಿನ್ ರಿಂಗ್ ಇಂಥವು. ಕಾಗದಪತ್ರದ ಕೆಲಸವನ್ನೆಲ್ಲ ನನ್ನ ತಲೆಗೆ ಕಟ್ಟಿದ್ದಾರೆ.

ಜರ್ಮನಿಯ ಒಂದು ಅಂಗಡಿಯವರಿಗೆ ಸ್ಯಾಂಪಲ್ ಇಷ್ಟವಾಗಿದೆ. ಆರ್ಡರ್ ಕೊಡುವ ಮುಂಚೆ ಮೂರು ವಿಷಯ ಕೇಳಿದ್ದಾರೆ. ಮರದ ವೈಜ್ಞಾನಿಕ ಹೆಸರು, ಮರ ಬೆಳೆದ ಜಾಗದ ಅಕ್ಷಾಂಶ ರೇಖಾಂಶ, ಮೇಲೆ ಹಚ್ಚಿದ್ದು ಊಟದ ಸಾಮಾನಿಗೆ ಸೇಫ್ ಅನ್ನುವುದಕ್ಕೆ ಲ್ಯಾಬ್ ವರದಿ. ಎರಡನೆಯದನ್ನು ಓದಿ ಹೇಳಿದಾಗ ಭಾವ ನಕ್ಕುಬಿಟ್ಟರು. ಡಿಪೋದಿಂದ ತಂದ ಮರಕ್ಕೆ ಹುಟ್ಟಿದೂರು ಎಲ್ಲಿಂದ ಹುಡುಕಿಕೊಂಡು ಬರೋಣ? ನಿಜವಾಗಿಯೂ ಇದೆಲ್ಲ ಬೇಕಾ, ಅಥವಾ ಸುಮ್ನೆ ಬೆಲೆ ಇಳಿಸಲು ಹೂಡಿದ ಆಟವಾ?

ಆಲೆ ಮರ, ರಬ್ಬರ್ ಮರ, ಸ್ವಲ್ಪ ಮಾವು ಬಳಸುತ್ತೇವೆ.

ಬಂದರುಕಾಗದ
ಆಟ ಅಲ್ಲ. ಕಸ್ಟಮ್ಸ್ ಕ್ಲಿಯರೆನ್ಸ್ ನನ್ನ ಹೊಟ್ಟೆಪಾಡು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕೋಡ್, ಅಂದರೆ ಕಸ್ಟಮ್ಸ್‌ನವರು ಮಾಲು ಗುರುತಿಸುವ ಸಂಖ್ಯೆ. ಮರದ ಊಟದ ಮತ್ತು ಅಡುಗೆಯ ಸಾಮಾನಿಗೆ ಎಚ್‌ಎಸ್ 4419. ಆಟಿಕೆಗೆ ನೀವು ಹಾಕುತ್ತಿದ್ದ 9503 ಇಲ್ಲಿ ನಡೆಯುವುದಿಲ್ಲ. ಶೋಕೇಸಿನ ಗೊಂಬೆ, ಒಡವೆ ಪೆಟ್ಟಿಗೆ 4420ಕ್ಕೆ ಹೋಗುತ್ತವೆ. 2017ರಲ್ಲಿ 4419ರ ಒಳಗೆ ಬಿದಿರನ್ನು ಬೇರೆ ಮಾಡಿದರು. 2022ರಲ್ಲಿ ಉಷ್ಣವಲಯದ ಮರಕ್ಕೂ ಬೇರೆ ಉಪಸಂಖ್ಯೆ ಬಂತು. ಒಂದೇ ಡಬ್ಬದಲ್ಲಿ ಬಿದಿರಿನ ಚಮಚ, ಮಾವಿನ ಬಟ್ಟಲು ಎರಡೂ ಇದ್ದರೆ ಇನ್‌ವಾಯ್ಸ್‌ನಲ್ಲಿ ಎರಡು ಸಾಲು ಬರೆಯಬೇಕು.

ಈಗ ಜಾಗದ ವಿಷಯ. ಐರೋಪ್ಯ ಒಕ್ಕೂಟ 2023ರಲ್ಲಿ ಅರಣ್ಯನಾಶದ ವಿರುದ್ಧ ಒಂದು ಕಾನೂನು ತಂದಿತು. ಇಯುಡಿಆರ್ ಅನ್ನುತ್ತಾರೆ. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ, ಈ ಏಳು ಮತ್ತು ಇವುಗಳಿಂದ ಮಾಡಿದ ಪಟ್ಟಿಯಲ್ಲಿರುವ ವಸ್ತುಗಳು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಿಂದ ಬಂದಿರಬಾರದು. ಮರದ ಮೇಲೆ ಅವರ ಹಳೇ ಕಾನೂನೊಂದಿತ್ತು, 2013ರಿಂದ ಜಾರಿಯಲ್ಲಿದ್ದದ್ದು. ಅದರ ಪಟ್ಟಿಯಲ್ಲಿ 4419 ಇರಲಿಲ್ಲ. ಅದಕ್ಕೇ ಬಟ್ಟಲು ಸೌಟಿನವರನ್ನು ಇಷ್ಟು ವರ್ಷ ಯಾರೂ ಕೇಳಲಿಲ್ಲ. ಹೊಸ ಪಟ್ಟಿಯಲ್ಲಿ ಇದೆ.

ಜಾರಿಯ ದಿನಾಂಕ ಎರಡು ಸಲ ಮುಂದೆ ಹೋಗಿದೆ. ಈಗಿನ ಲೆಕ್ಕದಲ್ಲಿ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಆದರೆ ಅಲ್ಲಿನ ಅಂಗಡಿಗಳು ಈಗಿನಿಂದಲೇ ಕೇಳುತ್ತಿವೆ. ಘೋಷಣೆ ಸಲ್ಲಿಸುವ ಜವಾಬ್ದಾರಿ ಅವರದು, ಮಾಹಿತಿ ಕೊಡಬೇಕಾದವರು ನೀವು.

ಹಳೇಬೇರು
ಅವರ ಕಾಡು ನೂರಾರು ವರ್ಷದ ಹಿಂದೆಯೇ ಕಡಿದು ಹಡಗು ಕಟ್ಟಿಕೊಂಡರು. ಈಗ ನಮ್ಮ ಸೌಟಿಗೆ ಜಾತಕ ಕೇಳುತ್ತಾರೆ. ಬಡವರ ವ್ಯಾಪಾರ ಮುಚ್ಚಿಸುವ ದಾರಿ ಇದು, ಬೇರೇನೂ ಅಲ್ಲ.

ಬಂದರುಕಾಗದ
ಸಿಟ್ಟು ಸರಿ ಇರಬಹುದು ಸರ್. ಆದರೆ ಹ್ಯಾಂಬರ್ಗ್ ಬಂದರಿನಲ್ಲಿ ಸಿಟ್ಟಿಗೆ ಕಾಲಂ ಇಲ್ಲ. ಒಂದು ಸಮಾಧಾನ ಅಂದರೆ 2025ರ ಮೇನಲ್ಲಿ ಬಂದ ಒಕ್ಕೂಟದ ಪಟ್ಟಿಯಲ್ಲಿ ಭಾರತ ಕಡಿಮೆ ಅಪಾಯದ ದೇಶಗಳ ಸಾಲಿನಲ್ಲಿದೆ. ಅಪಾಯದ ಅಂದಾಜು ವರದಿ ಬರೆಯುವ ಕೆಲಸ ತಪ್ಪಿತು. ಜಾಗದ ವಿವರ ಮಾತ್ರ ಕೊಡಲೇಬೇಕು.

ರಾಮನಗರದಕಡೆಯವ
ಜಾಗ ಅಂದರೆ ಡಿಪೋ ವಿಳಾಸ ಕೊಟ್ಟರೆ ಆಗುವುದಿಲ್ವಾ?

ಬಂದರುಕಾಗದ
ಆಗುವುದಿಲ್ಲ. ಮರ ನಿಂತಿದ್ದ ತಾಕು ಬೇಕು. ನಾಲ್ಕು ಹೆಕ್ಟೇರ್ ಒಳಗಿದ್ದರೆ ಒಂದು ಬಿಂದು ಸಾಕು, ದಶಮಾಂಶದ ಆಚೆ ಆರು ಅಂಕಿವರೆಗೆ. ಅದಕ್ಕಿಂತ ದೊಡ್ಡದಾದರೆ ಗಡಿ ಗುರುತಿಸಿದ ನಕ್ಷೆ. ಮೊಬೈಲ್ ಹಿಡಿದು ತೋಟದಲ್ಲಿ ನಿಂತರೆ ಐದು ನಿಮಿಷದ ಕೆಲಸ. ಯಾವ ತೋಟದಲ್ಲಿ ನಿಲ್ಲಬೇಕು ಅನ್ನುವುದೇ ಕಷ್ಟ.

ಪುತ್ತೂರುಪೇಟೆ
ಇಲ್ಲೇ ನಿಮ್ಮ ರಬ್ಬರ್ ಮರ ಕೈಕೊಡುತ್ತದೆ. ನಮ್ಮ ಕಡೆ ರಬ್ಬರ್ ತೋಟ ಹಳತಾದಾಗ ಹಾಲು ಕಡಿಮೆಯಾಗುತ್ತದೆ, ಮರ ಕಡಿದು ಕೊಡುತ್ತೇವೆ. ಒಬ್ಬರದು ಎರಡು ಎಕರೆ, ಪಕ್ಕದವರದು ಮೂರು. ದಲ್ಲಾಳಿ ಬಂದು ಹತ್ತಾರು ಜನರ ಮರ ಒಂದೇ ಲಾರಿಗೆ ತುಂಬುತ್ತಾನೆ. ಜಾಸ್ತಿ ಪಾಲು ಕೇರಳದ ಪೆರುಂಬಾವೂರು ಕಡೆಯ ಮಿಲ್ಲುಗಳಿಗೆ ಹೋಗುತ್ತದೆ. ಅಲ್ಲಿ ಕೊಯ್ದು ಹಲಗೆಯಾದ ಮೇಲೆ ಯಾರ ತೋಟದ್ದು ಯಾವುದು ಅಂತ ಬ್ರಹ್ಮನೂ ಹೇಳಲಾರ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ರಬ್ಬರ್ ಮರದಲ್ಲಿ ಪಿಷ್ಟ ತುಂಬಿರುತ್ತದೆ. ಕಡಿದು ಕೆಲವೇ ದಿನ ಸುಮ್ಮನೆ ಬಿಟ್ಟರೆ ನೀಲಿ ಶಿಲೀಂಧ್ರ ಹಿಡಿದು ಕಲೆಯಾಗುತ್ತದೆ, ಹುಳು ಬೀಳುತ್ತದೆ. ಅದಕ್ಕೇ ಮಿಲ್ಲಿನಲ್ಲಿ ಒತ್ತಡ ಹಾಕಿ ಬೊರಾಕ್ಸ್, ಬೋರಿಕ್ ಆಸಿಡ್ ದ್ರಾವಣ ಒಳಗೆ ತುಂಬಿಸುತ್ತಾರೆ. ಕುರ್ಚಿಗೆ ಅದು ಅಡ್ಡಿಯಿಲ್ಲ. ಸೊಪ್ಪು, ನಿಂಬೆರಸ, ಎಣ್ಣೆ ಹಾಕಿ ಕಲಸುವ ಬಟ್ಟಲಿಗೆ? ಲ್ಯಾಬಿನವರು ಕೇಳಿಯೇ ಕೇಳುತ್ತಾರೆ.

ಕಾಫಿಗಿಡದನೆರಳು
ಚಿಕ್ಕಮಗಳೂರಿನಿಂದ. ಸಿಲ್ವರ್ ಓಕ್ ನೋಡಿದ್ದೀರಾ? ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ಹಾಕಿರುತ್ತೇವೆ. ಇಯುಡಿಆರ್ ಪಟ್ಟಿಯಲ್ಲಿ ಕಾಫಿಯೂ ಇದೆಯಲ್ಲ, ಹಾಗಾಗಿ ಯುರೋಪಿಗೆ ಕಾಫಿ ಕಳಿಸಬೇಕಾದ ತೋಟಗಳ ಗಡಿ ಗುರುತಿಸುವ ಕೆಲಸ ಶುರುವಾಗಿದೆ. ಕಾಫಿ ಬೋರ್ಡ್‌ನವರೇ ನೋಂದಣಿ ಮಾಡಿಸುತ್ತಿದ್ದಾರೆ. ಅಂದರೆ ಅದೇ ತೋಟದ ಸಿಲ್ವರ್ ಓಕ್‌ಗೆ ಜಾಗದ ಕಾಗದ ತಯಾರಿರುತ್ತದೆ. ಪ್ಲೈವುಡ್ ಕಾರ್ಖಾನೆಗೆ ಟನ್ ಲೆಕ್ಕದಲ್ಲಿ ಕೊಡುವ ಮರ ಅದು. ಸ್ವಲ್ಪ ಜಾಸ್ತಿ ಕೊಟ್ಟರೆ ಬೆಳೆಗಾರ ಖುಷಿಯಾಗಿ ಒಂದು ಲೋಡ್ ಬೇರೆ ಇಡುತ್ತಾನೆ.

ಕಡಿಯುವ ಅನುಮತಿಯ ತಲೆಬಿಸಿಯೂ ಕಡಿಮೆ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ರಬ್ಬರ್, ತೆಂಗು ಇವಕ್ಕೆ ವಿನಾಯಿತಿ ಇದೆ.

ಉಳಿಸದ್ದು
ಸಿಲ್ವರ್ ಓಕ್ ಮೆದು ಮರ. ಕೊಯ್ದ ಮುಖದಲ್ಲಿ ಜಾಲರಿ ಥರ ಹೊಳೆಯುವ ಗೆರೆ ಬರುತ್ತದೆ, ನೋಡಲು ಚೆಂದ. ಟ್ರೇ, ಬ್ರೆಡ್ ಡಬ್ಬಿ ಮಾಡಬಹುದು. ಸೌಟು, ತರಕಾರಿ ಹೆಚ್ಚುವ ಹಲಗೆಗೆ ಬೇಡ. ಕೆಲವರಿಗೆ ಅದರ ಹೊಟ್ಟಿನಿಂದ ಮೈ ಕಡಿತವೂ ಆಗುತ್ತದೆ, ಲೇತ್ ಮುಂದೆ ಕೂರುವವರಿಗೆ ಮಾಸ್ಕ್ ಕೊಡಿ.

ದಿಲ್ಲಿಮೇಳ
ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ ಕೆಲ ವರ್ಷ ಬೈಯಿಂಗ್ ಏಜೆಂಟ್ ಆಗಿದ್ದೆ, ವಿದೇಶಿ ಗ್ರಾಹಕರ ಪರವಾಗಿ ಮಾಲು ಕೊಳ್ಳುವ ಕೆಲಸ. ಈ ಕಾಗದದ ಕಥೆ ಅಲ್ಲಿ ಮೊದಲೇ ನಡೆದುಹೋಗಿದೆ, ನಿಮಗೆ ಉಪಯೋಗಕ್ಕೆ ಬರಬಹುದು.

ಅಲ್ಲಿನ ಬಟ್ಟಲು, ಟ್ರೇ, ಹಲಗೆ ಎಲ್ಲ ಶೀಶಮ್ ಮೇಲೆ ನಿಂತಿತ್ತು. ಶೀಶಮ್ ಅಂದರೆ ಡಾಲ್ಬರ್ಜಿಯಾ ಸಿಸ್ಸೂ. ನಮ್ಮ ಬೀಟೆಯ ದಾಯಾದಿ. ಆದರೆ ಉತ್ತರದಲ್ಲಿ ಹೊಲದ ಬದು, ಕಾಲುವೆ ದಡದಲ್ಲೆಲ್ಲ ಬೆಳೆಯುವ ಮರ. 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸೈಟಿಸ್ ಸಭೆ ನಡೆಯಿತು. ಅಪಾಯದಲ್ಲಿರುವ ಸಸ್ಯ ಪ್ರಾಣಿಗಳ ವ್ಯಾಪಾರದ ಒಪ್ಪಂದ ಅದು. ಬೇರೆ ದೇಶಗಳ ಬೀಟೆ ಜಾತಿಗಳು ಲೂಟಿಯಾಗುತ್ತಿದ್ದವು. ಕಸ್ಟಮ್ಸ್‌ನವರಿಗೆ ಹಲಗೆ ನೋಡಿ ಜಾತಿ ಗುರುತಿಸಲು ಆಗುವುದಿಲ್ಲ. ಹಾಗಾಗಿ ಇಡೀ ಡಾಲ್ಬರ್ಜಿಯಾ ಕುಲವನ್ನೇ ಎರಡನೇ ಅನುಬಂಧಕ್ಕೆ, ಅಂದರೆ ಪರ್ಮಿಟ್ ಕೇಳುವ ಪಟ್ಟಿಗೆ ಸೇರಿಸಿದರು. 2017ರ ಜನವರಿ 2ರಿಂದ ಜಾರಿ. 10 ಕಿಲೋ ಮೀರಿದ ಶಿಪ್‌ಮೆಂಟಿಗೆ ಪರ್ಮಿಟ್. 10 ಕಿಲೋ ಅಂದರೆ ಎಷ್ಟು ಬಟ್ಟಲು ಹೇಳಿ? ಒಂದು ಡಬ್ಬವೂ ತುಂಬುವುದಿಲ್ಲ.

ಶೀಶಮ್ ಪೀಠೋಪಕರಣ, ಕರಕುಶಲ ವಸ್ತುಗಳ ರಫ್ತು ವರ್ಷಕ್ಕೆ ಸುಮಾರು 1000 ಕೋಟಿ ಇದ್ದದ್ದು 500-600 ಕೋಟಿಗೆ ಇಳಿಯಿತು ಅಂತ ಸರ್ಕಾರವೇ ಹೇಳಿತು. 2019ರಲ್ಲಿ ಜಿನೀವಾದಲ್ಲಿ ಶೀಶಮ್ ಪಟ್ಟಿಯಿಂದ ತೆಗೆಯಿರಿ ಅಂತ ಭಾರತ ಕೇಳಿತು, ಒಪ್ಪಲಿಲ್ಲ. 2022ರ ನವೆಂಬರಿನಲ್ಲಿ ಪನಾಮಾದಲ್ಲಿ ಒಂದು ದಾರಿ ಸಿಕ್ಕಿತು. 10 ಕಿಲೋ ಮಿತಿಯನ್ನು ಇಡೀ ಲೋಡಿಗಲ್ಲ, ಒಂದೊಂದು ವಸ್ತುವಿಗೆ ಲೆಕ್ಕ ಹಾಕಬೇಕು ಅಂತಾಯಿತು. ಅದೂ ಮರದ ತೂಕ ಮಾತ್ರ, ಹಿತ್ತಾಳೆ ಪಟ್ಟಿಯ ತೂಕ ಬಿಟ್ಟು. ಅಲ್ಲಿಗೆ ಬಟ್ಟಲಿನವರು ಬಚಾವಾದರು.

ಆ ಐದಾರು ವರ್ಷದಲ್ಲಿ ಆದದ್ದು ಏನು ಗೊತ್ತಾ? ವಿದೇಶಿ ಗ್ರಾಹಕರು ಮಾವಿನ ಮರಕ್ಕೆ, ಅಕೇಶಿಯಾಕ್ಕೆ ತಿರುಗಿದರು. ಮಾವಿಗೆ ಸೈಟಿಸ್ ಇಲ್ಲ, ತೋಟದ ಮರ ಅಂತ ಹೇಳಿಕೊಳ್ಳಬಹುದು. ಒಂದು ಸಲ ಹೋದ ಗ್ರಾಹಕ ಮತ್ತೆ ಶೀಶಮ್‌ಗೆ ಸುಲಭವಾಗಿ ಬರಲಿಲ್ಲ. ಮರದ ಮೂಲ ತೋರಿಸುವ ಸಪ್ಲೈಯರ್‌ಗೆ ಎರಡು ರೂಪಾಯಿ ಜಾಸ್ತಿ ಕೊಟ್ಟವರನ್ನು ನೋಡಿದ್ದೇನೆ. ಕೆತ್ತನೆ ಚೆನ್ನಾಗಿದೆ ಅಂತ ಜಾಸ್ತಿ ಕೊಟ್ಟವರು ಕಡಿಮೆ.

ಮೂಲದ ಕಾಗದಕ್ಕೆ ಇಪಿಸಿಎಚ್‌ನವರ ವೃಕ್ಷ್ ಪ್ರಮಾಣಪತ್ರ ಇದೆ. ಕರಕುಶಲ ರಫ್ತು ಉತ್ತೇಜನ ಮಂಡಳಿಯದು. ಸದಸ್ಯತ್ವ ಹೇಗೂ ಮಾಡಿಸಬೇಕು, ಅದರ ಜೊತೆ ಇದನ್ನೂ ವಿಚಾರಿಸಿ.

ಹಳೇಬೇರು
ಹಾಗಾದರೆ ಬೀಟೆ ಬಟ್ಟಲು ಮಾಡಿ ಕಳಿಸಬಹುದಾ, ಒಂದೊಂದು ಹತ್ತು ಕಿಲೋ ಒಳಗೆ?

ದಿಲ್ಲಿಮೇಳ
ಬೇಡ ಸರ್. ನಾನು ಹೇಳಿದ್ದು ಶೀಶಮ್ ಮಾತು. ಬೀಟೆ ನಮ್ಮಲ್ಲಿ ಅರಣ್ಯ ಇಲಾಖೆಯ ಕಣ್ಣಿರುವ ಮರ. ಮೂಲ ಕಾಗದ ಗಟ್ಟಿ ಇಲ್ಲದೆ ಮುಟ್ಟಿದರೆ ಬಂದರಿನ ತನಕ ಹೋಗುವುದೇ ಬೇಡ, ಊರಲ್ಲೇ ಸಿಕ್ಕಿಬೀಳುತ್ತೀರಿ.

ಉಳಿಸದ್ದು
ಕಾಗದದ ಮಾತು ಸಾಕಷ್ಟಾಯಿತು, ಮರದ ಮಾತಾಡೋಣ. ಮಾವಿನ ಮರ ತಗೊಳ್ಳಿ ಅಂತ ಎಲ್ಲ ಹೇಳುತ್ತಾರೆ. ಅದರ ಹೊರಗಿನ ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ. ಪುಡಿಹುಳುವಿಗೆ ಅದು ಹಬ್ಬ. ಹುಳು ಒಳಗಿದ್ದಾಗ ಏನೂ ಕಾಣುವುದಿಲ್ಲ. ಬಟ್ಟಲು ತಿರುಗಿಸಿ, ಉಜ್ಜಿ, ಎಣ್ಣೆ ಹಚ್ಚಿ ಡಬ್ಬಕ್ಕೆ ಹಾಕುತ್ತೀರಿ. ತಿಂಗಳುಗಟ್ಟಲೆ ಆದ ಮೇಲೆ ಗ್ರಾಹಕರ ಮನೆಯಲ್ಲಿ ಬಟ್ಟಲಿನ ತಳದಲ್ಲಿ ಗುಂಡುಸೂಜಿ ತಲೆಯಷ್ಟು ತೂತು. ಅದರ ಕೆಳಗೆ ಸಣ್ಣ ಗುಡ್ಡೆ, ಬೆರಳಿಗೆ ಹತ್ತಿದರೆ ಟಾಲ್ಕಂ ಪೌಡರಿನಷ್ಟು ನುಣುಪು. ಒರೆಸಿದರೆ ಮರುದಿನ ಮತ್ತೆ ಇರುತ್ತದೆ. ನಮ್ಮ ಪರಿಚಯದ ಒಬ್ಬರಿಗೆ ಇಡೀ ಲಾಟ್ ವಾಪಸ್ ಬಂತು.

ಮದ್ದು ಹಾಕುವಂತಿಲ್ಲ, ಊಟದ ಬಟ್ಟಲು. ಉಳಿದಿರುವುದು ಶಾಖ. ಒರಟಾಗಿ ತಿರುಗಿಸಿದ ಬಟ್ಟಲನ್ನು ಕಿಲ್ನ್‌ನಲ್ಲಿ, ಅಂದರೆ ಮರ ಒಣಗಿಸುವ ಬಿಸಿ ಕೋಣೆಯಲ್ಲಿ ಒಣಗಿಸಿ, ಮರದ ನಡುಭಾಗದ ತನಕ ಬಿಸಿ ಹೋಗಬೇಕು. ಆಮೇಲೆ ಸ್ವಲ್ಪ ದಿನ ಬಿಟ್ಟು ಎರಡನೇ ಸಲ ತಿರುಗಿಸಿ ನಯ ಮಾಡಿ. ಹಸಿ ಮರವನ್ನು ಒಂದೇ ಸಲಕ್ಕೆ ಮುಗಿಸಿದರೆ ಗುಂಡಗಿದ್ದ ಬಟ್ಟಲು ಮೊಟ್ಟೆಯಾಕಾರಕ್ಕೆ ಬರುತ್ತದೆ. ಬಿಳಿ ಭಾಗ ಆದಷ್ಟು ತೆಗೆದುಬಿಡಿ. ಮರ ಜಾಸ್ತಿ ವೇಸ್ಟ್ ಆಗುತ್ತದೆ, ಬೆಲೆಯಲ್ಲಿ ಸೇರಿಸಿ.

ಹಿಮದೂರಿನಕನ್ನಡತಿ
ಮಿನೆಸೋಟಾದಿಂದ. ನಾನು ಕೊಳ್ಳುವವಳ ಕಡೆಯಿಂದ ಹೇಳುತ್ತೇನೆ. ಬೆಂಗಳೂರಿನಿಂದ ತಂದ ಚಪಾತಿ ಮಣೆ, ಮರದ ತಟ್ಟೆ ಇಲ್ಲಿ ಮೊದಲ ಚಳಿಗಾಲದಲ್ಲೇ ಬಿರುಕು ಬಿಟ್ಟವು. ಹೀಟರ್ ಹಾಕಿದ ಮನೆಯ ಗಾಳಿ ಒಣ ಒಣ. ಗಂಡನಿಗೆ ಡಿಶ್‌ವಾಷರ್‌ಗೆ ಹಾಕಬೇಡಿ ಅಂತ ಎಷ್ಟು ಸಲ ಹೇಳಿದರೂ ಹಾಕುತ್ತಾರೆ, ಅದು ಬೇರೆ ಕಥೆ.

ಇಲ್ಲಿನ ಇಂಡಿಯನ್ ಸ್ಟೋರಿನಲ್ಲಿ ಲಟ್ಟಣಿಗೆ ಸಿಗುತ್ತದೆ. ಮುದ್ದೆ ಕೋಲು ಸಿಗುವುದಿಲ್ಲ. ಇಲ್ಲಿನ ಮರದ ಚಮಚದಲ್ಲಿ ರಾಗಿ ತೊಳಸಿದರೆ ಹಿಡಿ ಮುರಿಯುತ್ತದೆ. ಯಾರಾದರೂ ಗಟ್ಟಿಯಾದದ್ದು ಮಾಡಿ ಕಳಿಸಿದರೆ ಇಲ್ಲಿನ ಕನ್ನಡ ಕೂಟದಲ್ಲೇ ಒಂದು ಲೋಡ್ ಖರ್ಚಾಗುತ್ತದೆ.

ಉಳಿಸದ್ದು
ಅದಕ್ಕೇ ತೇವದ ಮೀಟರ್ ಇಟ್ಟುಕೊಳ್ಳಿ ಅನ್ನುವುದು. ನಮ್ಮ ಗಾಳಿಯಲ್ಲಿ 12 ಶೇಕಡಾಕ್ಕೆ ನಿಂತ ಮರ ಮಿನೆಸೋಟಾದ ಚಳಿಗಾಲದ ಮನೆಯಲ್ಲಿ 6ರ ಹತ್ತಿರ ಇಳಿಯುತ್ತದೆ. ಅಷ್ಟು ತೇವ ಹೋದಾಗ ಮರ ಕುಗ್ಗಲೇಬೇಕು. ಅಗಲ ಹಲಗೆಯಾದರೆ ಸೀಳುತ್ತದೆ. ಅಲ್ಲಿಗೆ ಹೋಗುವ ಮಾಲನ್ನು 8ರ ತನಕ ಒಣಗಿಸಿ, ಕೂಡಲೇ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಮಳೆಗಾಲದಲ್ಲಿ ಒಣಗಿಸಿ ತೆರೆದಿಟ್ಟರೆ ವಾರದಲ್ಲಿ ಮತ್ತೆ ತೇವ ಹೀರಿಕೊಳ್ಳುತ್ತದೆ. ಕಂಟೇನರ್ ಒಳಗೆ ತೇವ ಹೀರುವ ಚೀಲ ನೇತುಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬೂಷ್ಟು ಗ್ಯಾರಂಟಿ.

ರಾಮನಗರದಕಡೆಯವ
ಬಣ್ಣದ ವಿಷಯ ಯಾರೂ ಹೇಳಲಿಲ್ಲ. ನಮ್ಮದು ಅರಗು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಕರಗಿ ಹತ್ತುತ್ತದೆ. ಆಮೇಲೆ ತಾಳೆ ಗರಿ ಹಿಡಿದು ಮೆರುಗು. ಅರಗು ನೈಸರ್ಗಿಕ ಅಲ್ವಾ, ಊಟಕ್ಕೆ ತೊಂದರೆ ಇಲ್ಲ ಅಂತ ಬರೆದುಕೊಡಬಹುದಾ?

ಬಂದರುಕಾಗದ
ಅರಗು ತಿನ್ನುವಂಥದ್ದೇ. ಶುದ್ಧ ಮಾಡಿದ ಅರಗನ್ನು ಯುರೋಪಿನಲ್ಲಿ ಇ904 ಅನ್ನುವ ಸಂಖ್ಯೆಯಲ್ಲಿ ಮಿಠಾಯಿ ಮೇಲಿನ ಹೊಳಪಿಗೆ ಬಳಸುತ್ತಾರೆ. ಆದರೆ ನಿಮ್ಮ ಕಡ್ಡಿಯಲ್ಲಿ ಅರಗಿನ ಜೊತೆ ಬಣ್ಣ ಇದೆ. ಅರಿಶಿನ, ನೀಲಿಯಂಥ ಗಿಡಮೂಲದ್ದಾ, ಅಂಗಡಿ ಬಣ್ಣವಾ? ಲ್ಯಾಬ್ ಪರೀಕ್ಷೆ ಮಾಡುವುದು ಅದನ್ನು. ಯುರೋಪಿನ 1935/2004 ಅನ್ನುವ ನಿಯಮದ ಪ್ರಕಾರ ಆಹಾರ ತಾಗುವ ಯಾವ ವಸ್ತುವಿನಿಂದಲೂ ಆರೋಗ್ಯಕ್ಕೆ ಹಾನಿಯಾಗುವಷ್ಟು ಅಂಶ ಆಹಾರಕ್ಕೆ ಇಳಿಯಬಾರದು. ನೈಸರ್ಗಿಕ ಅನ್ನುವ ಮಾತಿಗೆ ಅಲ್ಲಿ ರಿಯಾಯಿತಿ ಇಲ್ಲ.

ಉಳಿಸದ್ದು
ಲ್ಯಾಬ್ ಪಾಸ್ ಆದರೂ ಬಿಸಿ ಸಾರಿಗೆ ಅರಗು ನಿಲ್ಲುವುದಿಲ್ಲ, ಮೆತ್ತಗಾಗುತ್ತದೆ. ಸ್ಪಿರಿಟ್‌ನಲ್ಲಿ ಕರಗುತ್ತದೆ, ಹಾಗಾಗಿ ಮದ್ಯದ ಬಟ್ಟಲಿಗೂ ಆಗದು. ಬಟ್ಟಲಿನ ಹೊರಮೈಗೆ, ಸೌಟಿನ ಹಿಡಿಗೆ, ಡಬ್ಬಿಯ ಮುಚ್ಚಳಕ್ಕೆ ಅರಗು ಹಾಕಿ. ಒಳಮೈ ಬರೀ ಮರ ಬಿಡಿ, ಆಹಾರ ದರ್ಜೆಯ ಮಿನರಲ್ ಆಯಿಲ್, ಜೇನುಮೇಣ ಸಾಕು. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿ ಕಳಿಸುವವರನ್ನು ಕಂಡಿದ್ದೇನೆ. ಹಡಗಿನಲ್ಲಿ ಹೋಗುವಷ್ಟರಲ್ಲಿ ಕಮಟು ವಾಸನೆ ಹಿಡಿಯುತ್ತದೆ.

ಹಿಮದೂರಿನ ಅಕ್ಕ, ಮುದ್ದೆ ಕೋಲಿಗೆ ಹುಣಸೆ ಅಥವಾ ಜಾಲಿ. ಎಳೆ ನೇರ ಇರಬೇಕು, ಗಂಟು ಇರಬಾರದು.

ಸಾಗರತಾಲೂಕು
ಸ್ವಲ್ಪ ಪಕ್ಕದ ವಿಷಯ. ನೈಸರ್ಗಿಕ ಅಂದರೆ ಸಾಲದು ಅನ್ನುವುದು ನಮ್ಮ ಹಾಳೆ ತಟ್ಟೆಯವರಿಗೆ ಚೆನ್ನಾಗಿ ಗೊತ್ತು. 2025ರ ಮೇನಲ್ಲಿ ಅಮೆರಿಕದ ಆಹಾರ ಔಷಧ ಇಲಾಖೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ ಬಟ್ಟಲು ಆಹಾರಕ್ಕೆ ಬಳಸಲು ಒಪ್ಪಿಗೆ ಇಲ್ಲ ಅಂದುಬಿಟ್ಟಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಅನ್ನುವ ರಾಸಾಯನಿಕ ಊಟಕ್ಕೆ ಇಳಿಯಬಹುದು ಅನ್ನುವುದು ಕಾರಣ. ನಾವು ಹಾಳೆಯಲ್ಲಿ ಉಂಡು ಬೆಳೆದವರು, ನಮಗೆ ವಿಚಿತ್ರ ಅನಿಸುತ್ತದೆ. ಆದರೆ ಪ್ರೆಸ್ ಮೆಷಿನ್‌ಗೆ ಸಾಲ ಮಾಡಿದವರ ಗತಿ ನೋಡಿ. ಒಂದೇ ದೇಶ ನಂಬಿ ಕೂತಿದ್ದವರಿಗೆ ಜಾಸ್ತಿ ಪೆಟ್ಟು.

ಬಂದರುಕಾಗದ
ಇದರ ತಿರುವುಮುರುವು ಯುರೋಪಿನಲ್ಲಿ ಆಯಿತು. ಬಿದಿರಿನದು ಅಂತ ಹೇಳಿ ಮಾರುತ್ತಿದ್ದ ಬಣ್ಣದ ತಟ್ಟೆ, ಲೋಟ ಇವೆಯಲ್ಲ, ಅವು ಮೆಲಮೈನ್ ಪ್ಲಾಸ್ಟಿಕ್‌ಗೆ ಬಿದಿರಿನ ಪುಡಿ ಕಲಸಿದ್ದು. ಪ್ಲಾಸ್ಟಿಕ್‌ಗೆ ಬಿದಿರು ಸೇರಿಸಲು ಅಲ್ಲಿ ಅನುಮತಿ ಇಲ್ಲ. 2021ರಲ್ಲಿ ದೇಶಗಳೆಲ್ಲ ಒಟ್ಟಾಗಿ ಹಿಡಿದು ವಾಪಸ್ ಕಳಿಸಿದವು. ಪೂರ್ತಿ ಬಿದಿರಿನ ಚಮಚಕ್ಕೆ ಏನೂ ತೊಂದರೆ ಇಲ್ಲ. ಇಯುಡಿಆರ್‌ನಲ್ಲೂ ಬಿದಿರು ಮರದ ಲೆಕ್ಕಕ್ಕೆ ಬರುವುದಿಲ್ಲ, ಜಾಗ ಕೇಳುವುದಿಲ್ಲ.

ಹಳೇಬೇರು
ಹಾಗಾದರೆ ಎಲ್ಲ ಬಿಟ್ಟು ಬಿದಿರು ಮಾಡಲಿ.

ದಿಲ್ಲಿಮೇಳ
ಬಿದಿರಿನಲ್ಲಿ ಚೀನಾದವರ ಬೆಲೆಗೆ ನಿಲ್ಲಲು ಆಗುತ್ತಾ? ಕಾರ್ಖಾನೆ ಲೆಕ್ಕದಲ್ಲಿ ಹಲಗೆ, ಚಾಪ್‌ಸ್ಟಿಕ್ ಹೊರಡುತ್ತವೆ ಅಲ್ಲಿಂದ. ಸಣ್ಣ ಲೇತ್‌ನವರು ಆ ಸ್ಪರ್ಧೆಗೆ ಇಳಿಯಬಾರದು. ಆಂಧ್ರದ ನೆಲ್ಲೂರು ಜಿಲ್ಲೆಯ ಉದಯಗಿರಿಯವರನ್ನು ನೋಡಿ. ಅಲ್ಲೇ ಸಿಗುವ ಮರದಲ್ಲಿ ಚಮಚ, ಫೋರ್ಕ್ ಕೆತ್ತುತ್ತಾರೆ, ಆ ಊರಿನ ಹೆಸರಿಗೇ ಸಿಗುವ ಜಿಐ ಗುರುತು ಕೂಡ ಇದೆ. ಜಾಸ್ತಿ ಕೆಲಸ ಹೆಂಗಸರದು. ಅವರು ಅಗ್ಗದ ಚಮಚದ ಜೊತೆ ಪೈಪೋಟಿಗೆ ಹೋಗುವುದಿಲ್ಲ.

ಹಿಮದೂರಿನಕನ್ನಡತಿ
ಅಮೆರಿಕಕ್ಕೆ ಕಳಿಸುವವರು ಸುಂಕ ನೋಡಿಕೊಳ್ಳಿ. ಅಣ್ಣ ಕಳಿಸಿದ ಪಾರ್ಸೆಲ್ ಆಗಸ್ಟಿನಲ್ಲಿ ಅಂಚೆ ಕಚೇರಿಯಿಂದಲೇ ವಾಪಸ್ ಹೋಯಿತು.

ಬಂದರುಕಾಗದ
ಹೌದು, 2025ರ ಆಗಸ್ಟ್ 25ರಿಂದ ನಮ್ಮ ಅಂಚೆ ಇಲಾಖೆ ಅಮೆರಿಕದ ಪಾರ್ಸೆಲ್ ನಿಲ್ಲಿಸಿತ್ತು, ಅಕ್ಟೋಬರ್ 15ಕ್ಕೆ ಮತ್ತೆ ಶುರುವಾಯಿತು. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ ಆಗಸ್ಟ್ 29ಕ್ಕೆ ಹೋಯಿತು. ಆನ್‌ಲೈನ್‌ನಲ್ಲಿ ಒಂದೊಂದೇ ಬಟ್ಟಲು ಮಾರುತ್ತಿದ್ದವರಿಗೆ ನಿಜವಾದ ಹೊಡೆತ ಅದು. ಮರದ ಬಟ್ಟಲಿಗೆ ಅಲ್ಲಿ ಮಾಮೂಲಿ ಸುಂಕ 3.2 ಶೇಕಡಾ, ಚಮಚ ಫೋರ್ಕಿಗೆ 5.3. ಆಗಸ್ಟ್ 27ಕ್ಕೆ ಭಾರತದ ಮಾಲಿನ ಮೇಲಿನ ಹೆಚ್ಚುವರಿ ಸುಂಕ 50ಕ್ಕೆ ಏರಿತು. ಅದು ಹಾಗೇ ನಿಂತಿರುವ ಅಂಕಿ ಅಲ್ಲ, ಬೆಲೆ ಹೇಳುವ ದಿನ ಅವತ್ತಿನ ದರ ನೋಡಿಯೇ ಹೇಳಿ.

ಅಮೆರಿಕದವರೂ ಮರದ ಹೆಸರು ಕೇಳುತ್ತಾರೆ. ಕಾನೂನುಬಾಹಿರವಾಗಿ ಹಿಡಿದ ಪ್ರಾಣಿಗಳ ವ್ಯಾಪಾರ ತಡೆಯುವ ಅವರ ಲೇಸಿ ಕಾಯ್ದೆ 2008ರ ತಿದ್ದುಪಡಿಯಿಂದ ಮರಕ್ಕೂ ಬಂತು. ವೈಜ್ಞಾನಿಕ ಹೆಸರು, ಕಡಿದ ದೇಶ, ಪ್ರಮಾಣ, ಬೆಲೆ ಹೇಳಬೇಕು. ಅವರು ತೋಟದ ತನಕ ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಮಾಲು ಒಣಗಿಸಿ ಚೆನ್ನಾಗಿ ಮಾಡಿ, ಹೊರಗಿನ ಪೆಟ್ಟಿಗೆ ಹಳೇ ಹಲಗೆಯದಾದರೆ ಎಲ್ಲ ಹೋಯಿತು. 6 ಮಿಲಿಮೀಟರಿಗಿಂತ ದಪ್ಪದ ಹಲಗೆಯ ಪೆಟ್ಟಿಗೆ, ಪ್ಯಾಲೆಟ್‌ಗೆ ಐಎಸ್‌ಪಿಎಂ 15 ಮುದ್ರೆ ಬೇಕು, ಮರದ ಪ್ಯಾಕಿಂಗ್ ಜೊತೆ ಹುಳು ಹೋಗದಿರಲಿ ಅಂತ ಇರುವ ಅಂತರರಾಷ್ಟ್ರೀಯ ನಿಯಮದ್ದು. ನಡುಭಾಗ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಯಾಗಿರಬೇಕು. ಮುದ್ರೆಯಲ್ಲಿ ತೆನೆಯ ಚಿತ್ರ, ಐಎನ್ ಅಕ್ಷರ ಇರುತ್ತದೆ. ಪ್ಲೈವುಡ್ ಪೆಟ್ಟಿಗೆಗೆ ಬೇಡ. ಸಣ್ಣ ಲೋಡಿಗೆ ಪ್ಲೈವುಡ್ಡೇ ವಾಸಿ.

ಪುತ್ತೂರುಪೇಟೆ
ಹಳೇ ಮನೆ ಬಿಚ್ಚಿದ ತೊಲೆ, ಕಂಬ ತಗೊಂಡರೆ? ಉಪಯೋಗ ಮುಗಿದ ಮರಕ್ಕೆ ಇಯುಡಿಆರ್ ಅನ್ವಯವಾಗುವುದಿಲ್ಲ ಅಂತ ಓದಿದೆ.

ಉಳಿಸದ್ದು
ಅನ್ವಯವಾಗುವುದಿಲ್ಲ, ನಿಜ. ಆದರೆ ಆ ತೊಲೆಗೆ ಯಾವ ಕಾಲದಲ್ಲಿ ಏನು ಬಳಿದಿದ್ದರು, ಗೆದ್ದಲಿಗೆ ಯಾವ ಔಷಧ ಹೊಡೆದಿದ್ದರು ಯಾರಿಗೆ ಗೊತ್ತು? ಕನ್ನಡಿ ಚೌಕಟ್ಟು, ಸ್ಟೂಲ್ ಮಾಡಿ. ಅನ್ನದ ತಟ್ಟೆ ಬೇಡ.

ರಾಮನಗರದಕಡೆಯವ
ಎಲ್ಲರಿಗೂ ಥ್ಯಾಂಕ್ಸ್. ಭಾವನ ಜೊತೆ ಕೂತು ಪೂರ್ತಿ ಓದಿದೆವು. ಜರ್ಮನಿಗೆ ರಬ್ಬರ್ ಮರ ಬಿಟ್ಟಿದ್ದೇವೆ. ನಮ್ಮ ತಾಲೂಕಿನಲ್ಲೇ ಮಾವಿನ ತೋಪು ಬೇಕಾದಷ್ಟು. ಹಳೇ ಮರ ತೆಗೆದು ಹೊಸ ತಳಿ ಹಾಕುವ ಒಬ್ಬರನ್ನು ಮಾತಾಡಿಸಿದ್ದೇವೆ. ಮರ ಬೀಳುವ ದಿನವೇ ಹೋಗಿ, ಜಾಗ ಗುರುತು ಹಾಕಿ, ದಿಮ್ಮಿಗೆ ನಂಬರ್ ಹೊಡೆದು ತರುವುದು. ತೋಟದ ಪಹಣಿ ಪ್ರತಿಯನ್ನೂ ಕೊಡುತ್ತಾರಂತೆ. ಬಟ್ಟಲಿನ ಒಳಮೈ ಬರೀ ಎಣ್ಣೆ, ಹೊರಗೆ ಒಂದು ಪಟ್ಟಿ ಮಾತ್ರ ಅರಗು. ಭಾವನಿಗೆ ಬೇಜಾರು. ಬಣ್ಣ ಇಲ್ಲದೆ ಚನ್ನಪಟ್ಟಣದ್ದು ಅಂತ ಯಾರು ನಂಬುತ್ತಾರೆ ಅನ್ನುತ್ತಾರೆ.

ಕಡಿಯಲು ಅನುಮತಿ ಬೇಕಾ?

ಕಾಫಿಗಿಡದನೆರಳು
ಮಾವಿಗೆ ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಉತ್ತರ ಕಾಗದದಲ್ಲೇ ತಗೊಳ್ಳಿ. ಕಾನೂನುಬದ್ಧವಾಗಿ ಕಡಿದದ್ದು ಅನ್ನುವುದಕ್ಕೂ ಯುರೋಪಿನವರು ದಾಖಲೆ ಕೇಳುತ್ತಾರೆ. ಆ ಕಾಗದವೇ ಆಗುತ್ತದೆ.

ಬಂದರುಕಾಗದ
ಇನ್‌ವಾಯ್ಸ್‌ನಲ್ಲಿ ಹ್ಯಾಂಡಿಕ್ರಾಫ್ಟ್ ಐಟಂ ಅಂತ ಮಾತ್ರ ಬರೆಯಬೇಡಿ. ಜನ ಅದನ್ನೇ ಬರೆದು ಸಿಕ್ಕಿಹಾಕಿಕೊಳ್ಳುತ್ತಾರೆ. ಮರದ ಸಲಾಡ್ ಬಟ್ಟಲು, ಮಾವು, ಮ್ಯಾಂಜಿಫೆರಾ ಇಂಡಿಕಾ, ಕಡಿದ ದೇಶ ಭಾರತ, ಇಷ್ಟು ತೂಕ, ಇಷ್ಟು ನಗ ಅಂತ ಬರೆಯಿರಿ. ಆಲೆ ಮರದ ಸಾಮಾನು ಇದ್ದರೆ ಬೇರೆ ಸಾಲಿನಲ್ಲಿ ರೈಟಿಯಾ ಟಿಂಕ್ಟೋರಿಯಾ. ಮೊದಲ ಲೋಡಿಗೆ ಎರಡೂ ಸೇರಿಸದೆ ಮಾವಿನದ್ದು ಮಾತ್ರ ಕಳಿಸುವುದು ಒಳ್ಳೆಯದು.